ಎಲ್ಲರಿಗೂ ಒಂದನೇ ನಂಬರ್

ಬಾಗಿಲು ತಟ್ಟಿದ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುವುದು ಅವರ ಅಭ್ಯಾಸ. ಸ್ವಂತ ಮಗಳ ಮನೆಯ ಬಾಗಿಲಾದರೂ ಅಷ್ಟೇ. ತೆರೆದವರಿಗೆ ಮೊದಲು ನಮ್ಮ ಮುಖ ಕಾಣಬೇಕು, ಆಮೇಲೆ ಕೈ, ಕೈಯಲ್ಲಿರುವ ಕಾಗದ ಎಲ್ಲಕ್ಕಿಂತ ಕೊನೆಗೆ ಎನ್ನುತ್ತಿದ್ದರು. ಕಾಗದ ಮುಂದೆ ಹಿಡಿದುಕೊಂಡು ಹೋದವನಿಗೆ ಯಾರೂ ವೋಟು ಹಾಕುವುದಿಲ್ಲವಂತೆ.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಹೆಸರು ಹಾಕಿ ಹೊಗಳುವುದು ಅವರಿಗೆ ಆಗುತ್ತಿರಲಿಲ್ಲ. "ಹೆಸರು ವೋಟಿನ ಚೀಟಿ ಮ್ಯಾಲೆ ಇದ್ರ ಸಾಕು. ಉಳಿದ ಕಡೆ ಎಲ್ಲಾ ಕೆಲಸ ಇರಬೇಕು" ಅನ್ನುತ್ತಿದ್ದರು. ಡಾಲಸ್ ಸುತ್ತಮುತ್ತಲಿನ ಕನ್ನಡದವರೆಲ್ಲ ಅವರನ್ನು ಕೌನ್ಸಿಲರ್ ಅಂಕಲ್ ಎಂದೇ ಕರೆಯುತ್ತಿದ್ದರು. ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ನಮ್ಮ ಕನ್ನಡ ಕೂಟದ ಸಂಚಿಕೆಗೆ ನೀವೇ ಬರೆಯಬೇಕು ಎಂದು ಅವರ ಮಗಳು ವಿದ್ಯಾ ಹೇಳಿದ್ದರಿಂದ ಬರೆಯುತ್ತಿದ್ದೇನೆ. ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದೇ ಇಪ್ಪತ್ತೆಂಟನೇ ವಯಸ್ಸಿಗೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಧಾರವಾಡದಲ್ಲಿ ಹುಟ್ಟಿ, ಔಷಧಿಶಾಸ್ತ್ರ ಓದಿ, ಸ್ಕಾಟ್ಲೆಂಡಿಗೆ ಹೋದವರು ಅವರು. ಅಲ್ಲಿ ಹಿಂದೆ ಕಲ್ಲಿದ್ದಲಿನ ಗಣಿ ಇದ್ದ ಒಂದು ಸಣ್ಣ ಊರಿನಲ್ಲಿ ಮೂವತ್ತು ವರ್ಷ ಔಷಧಿ ಅಂಗಡಿ ನಡೆಸಿದರು. ಕೊನೆಯ ಕೆಲವು ವರ್ಷ ಆ ಊರಿನ ಕೌನ್ಸಿಲರ್ ಕೂಡ ಆಗಿದ್ದರು. ಹೆಂಡತಿ ಹೋದ ಮೇಲೆ ಡಾಲಸ್ ಹತ್ತಿರ ಲಿಟಲ್ ಎಲ್ಮ್‌ನಲ್ಲಿದ್ದ ಮಗಳ ಮನೆಗೆ ಬಂದರು.

ನನಗೆ ಅವರು ಸಿಕ್ಕಿದ್ದು ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿ, ನಾನು ಕೆಲಸ ಮಾಡುವ ಪ್ರಿಂಟಿಂಗ್ ಶಾಪಿನಲ್ಲಿ. ಅದು ಏಪ್ರಿಲ್ ತಿಂಗಳು. ಇಲ್ಲಿನ ಊರುಗಳ ಕೌನ್ಸಿಲ್ ಚುನಾವಣೆ ಮೇ ತಿಂಗಳಲ್ಲಿ ಬರುತ್ತದೆ, ಆದ್ದರಿಂದ ಮನೆ ಮುಂದಿನ ಹುಲ್ಲಿನಲ್ಲಿ ನೆಡುವ ಬೋರ್ಡುಗಳನ್ನು ರಾಶಿ ರಾಶಿ ಅಚ್ಚು ಹಾಕುತ್ತಿದ್ದೆವು. ಮಗಳ ಜೊತೆ ಏನೋ ಕೆಲಸಕ್ಕೆ ಬಂದವರು ಕೋಟು, ಟೈ ಹಾಕಿಕೊಂಡು ಆ ಬೋರ್ಡುಗಳ ಮುಂದೆ ನಿಂತುಬಿಟ್ಟಿದ್ದರು. ನಾನು ಹೆಂಡತಿಯ ಜೊತೆ ಫೋನಿನಲ್ಲಿ ಮಾತಾಡುವುದು ಕಿವಿಗೆ ಬಿದ್ದಿರಬೇಕು.

"ಕನ್ನಡದವರೇನ್ರಿ? ಇದ್ರಾಗ ಪಕ್ಷದ ಹೆಸರೇ ಇಲ್ಲಲ್ಲ?" ಅಂದರು.

"ಇಲ್ಲಿ ಊರಿನ ಎಲೆಕ್ಷನ್‌ಗೆ ಪಕ್ಷ ಇರಲ್ಲ ಸರ್."

"ಪಕ್ಷ ಇಲ್ಲಂದ್ರ ಸೋತಾಗ ಯಾರನ್ನ ಬೈತಾರ?"

ನಾನು ಕೈಯಲ್ಲಿದ್ದ ಬೋರ್ಡನ್ನೇ ತಿರುಗಿಸಿ ನೋಡಿದೆ. ಅವರಿಗೆ ನಗು ಬಂತು. ನನ್ನ ಹೆಗಲ ಮೇಲೆ ಕೈಯಿಟ್ಟು "ನಾಳೆ ಮನಿಗೆ ಬಾ ತಮ್ಮಾ, ಚಹಾ ಕುಡಿಯೋಣು" ಅಂದರು. ಹೋದೆ. ನಮ್ಮ ಮನೆ ಅಲ್ಲಿಂದ ಹತ್ತು ನಿಮಿಷದ ದಾರಿ. ನನಗೆ ಕೆಲಸ ಶುರುವಾಗುವುದು ಹನ್ನೊಂದಕ್ಕೆ. ಹೀಗೆ ಬೆಳಿಗ್ಗೆ ಒಂಬತ್ತಕ್ಕೆ ಅವರ ಮನೆಗೆ ಹೋಗುವುದು ರೂಢಿಯಾಯಿತು.

ಅವರು ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದದ್ದು ಸ್ಕಾಟ್ಲೆಂಡಿನ ಸುದ್ದಿ. ಅಲ್ಲಿ ಯಾವನೋ ಕೌನ್ಸಿಲರ್ ಸತ್ತರೆ, ರಾಜೀನಾಮೆ ಕೊಟ್ಟರೆ ಉಪಚುನಾವಣೆ ಬರುತ್ತದೆ. ಅದರ ಫಲಿತಾಂಶವನ್ನು ಐಪ್ಯಾಡಿನಲ್ಲಿ ಬೆರಳಿಟ್ಟು ಓದುತ್ತಿದ್ದರು. ನಮ್ಮ ಕಡೆ ಮುದುಕರು ಪಂಚಾಂಗ ಓದುವ ಹಾಗೆ. ಪಕ್ಷಗಳಿಗೆ ಹೆಸರು ಹೇಳುತ್ತಿರಲಿಲ್ಲ, ಬಣ್ಣ ಹೇಳುತ್ತಿದ್ದರು. ಕೆಂಪು, ಹಳದಿ, ನೀಲಿ, ಹಸಿರು.

"ಕೆಂಪು ಮತ್ತ ತಲೀ ಎತ್ತಲಿಕ್ಕತ್ತದ ನೋಡು. ಹೋದ ಸಲ ಈ ವಾರ್ಡಿನ್ಯಾಗ ಮೂರನೇದಿತ್ತು."

"ನಿಮ್ಮದು ಕೆಂಪಲ್ವಾ ಸರ್? ಖುಷಿಯಾಯ್ತಾ?"

"ಖುಷಿ ಅಲ್ಲೋ. ಏರಿದ್ದು ಇಳೀತದ. ಅದನ್ನ ಬರಕೊಂಡು ಇಟ್ಕೋಬೇಕು, ಅಷ್ಟ."

ಅವರು ಅಲ್ಲಿಗೆ ಹೋದ ಕಾಲದಲ್ಲಿ ಆ ಊರಲ್ಲಿ ಕೆಂಪು ಪಕ್ಷದಿಂದ ಕರೆಂಟ್ ಕಂಬ ನಿಲ್ಲಿಸಿದರೂ ಗೆಲ್ಲುತ್ತಿತ್ತಂತೆ. ಒಂದು ವಾರ್ಡಿಗೆ ಒಬ್ಬನೇ, ಹೆಚ್ಚು ವೋಟು ಬಂದವನು ಗೆದ್ದ. ಹೀಗೆ ಸೀಟೆಲ್ಲ ಹೆಚ್ಚು ಕಡಿಮೆ ಒಂದೇ ಬಣ್ಣ. ಉಳಿದ ಬಣ್ಣದವರು ನಿಧಾನವಾಗಿ ವೋಟಿಗೆ ಬರುವುದನ್ನೇ ಬಿಟ್ಟರು. ಎರಡು ಸಾವಿರದ ಏಳರಲ್ಲಿ ಪದ್ಧತಿ ಬದಲಾಯಿತು. ಒಂದು ವಾರ್ಡಿಗೆ ಮೂರೋ ನಾಲ್ಕೋ ಜನ. ಚೀಟಿಯಲ್ಲಿ ಗುಣಿಸು ಚಿಹ್ನೆ ಹಾಕುವ ಬದಲು ಅಂಕಿ ಬರೆಯಬೇಕು. ಯಾರು ಮೊದಲು ಬೇಕೋ ಅವರ ಮುಂದೆ ಒಂದು, ಅವರಾಗದಿದ್ದರೆ ಯಾರು ಬೇಕೋ ಅವರ ಮುಂದೆ ಎರಡು, ಹೀಗೆ. ಎಲ್ಲರಿಗಿಂತ ಕಡಿಮೆ ಬಂದವನು ಹೊರಗೆ ಬೀಳುತ್ತಾನೆ. ಆದರೆ ಅವನ ಚೀಟಿ ಕಸಕ್ಕೆ ಹೋಗುವುದಿಲ್ಲ, ಅದರಲ್ಲಿ ಎರಡು ಎಂದು ಯಾರ ಮುಂದೆ ಇದೆಯೋ ಅವರ ರಾಶಿಗೆ ಹೋಗುತ್ತದೆ. ಆವತ್ತಿನಿಂದ ಕೌನ್ಸಿಲ್ ಮನೆಯೊಳಗೆ ನಾಲ್ಕು ಬಣ್ಣ. ಯಾರಿಗೂ ಬಹುಮತ ಇಲ್ಲ. ಯಾರ ಹತ್ತಿರವಾದರೂ ಹೋಗಿ ಕೇಳಲೇಬೇಕು.

"ಜಗಳ ಹೆಚ್ಚಾಗಲಿಲ್ವಾ ಸರ್?"

"ಆತಲ್ಲ! ಭರ್ಜರಿ ಜಗಳ. ಆದ್ರ ಎದುರಾ ಬದುರಾ ಕೂತು ಜಗಳ. ಬಣ್ಣ ಯಾವುದರೆ ಇರಲಿ ತಮ್ಮಾ, ಮಂಗಳವಾರ ಕಸದ ಡಬ್ಬಿ ಎತ್ತಬೇಕು. ಸೋತವನ ಮನಿ ಮುಂದಿಂದೂ ಎತ್ತಬೇಕು."

ಕೌನ್ಸಿಲರ್ ಅಂದರೆ ಏನು ಕೆಲಸ ಎಂದು ಯಾರು ಕೇಳಿದರೂ ಅವರ ಉತ್ತರ ಒಂದೇ: "ಕಸದ ಡಬ್ಬಿ, ಬೀದಿ ದೀಪ, ರಸ್ತೆ ತೆಗ್ಗು." ಮೊಮ್ಮಗಳು ಪಕ್ಕದಿಂದ "ಅಜ್ಜಾ, ದಟ್ಸ್ ಸೋ ಬೋರಿಂಗ್" ಅನ್ನುತ್ತಿದ್ದಳು. "ಹೌದವ್ವಾ, ಬೋರಿಂಗ್ ಇದ್ರನ ಊರು ಚೊಲೋ ಇರ್ತದ" ಅನ್ನುತ್ತಿದ್ದರು.

ಅವರು ಸೋತ ಕತೆಯನ್ನು ಅವರೇ ನಗುತ್ತಾ ಹೇಳುತ್ತಿದ್ದರು. ಅವರ ವಾರ್ಡಿನ ಮಧ್ಯೆ ಒಂದು ಕಾಲುವೆ. ಕೆಂಪು ಪಕ್ಷ ಇಬ್ಬರನ್ನು ನಿಲ್ಲಿಸಿತ್ತು. ವೋಟು ಸಮನಾಗಿ ಹಂಚಲಿ ಎಂದು ಕಾಲುವೆಯ ಆ ಕಡೆಯವರು ಇವರಿಗೆ ಒಂದು ಬರೆಯಬೇಕು, ಈ ಕಡೆಯವರು ಇನ್ನೊಬ್ಬನಿಗೆ ಒಂದು ಬರೆಯಬೇಕು ಎಂದು ಲೆಕ್ಕ ಹಾಕಿತ್ತು. ಇವರ ಸ್ವಂತ ಬೀದಿ ಇದ್ದದ್ದು ಈ ಕಡೆ! ತಮ್ಮದೇ ಬೀದಿಯಲ್ಲಿ ಮನೆ ಮನೆಗೆ ಹೋಗಿ "ಅವನಿಗೆ ಒಂದು ಬರೆಯಿರಿ, ನನಗೆ ಎರಡು" ಎಂದು ಹೇಳಿ ಬಂದರು. ಪಕ್ಕದ ಮನೆಯ ಅಜ್ಜಿಗೆ ಸಿಟ್ಟು ಬಂದಿತ್ತಂತೆ. ನನ್ನ ಮಾತ್ರೆ ಕೊಡೋನು ನೀನು, ಅವನ ಮುಖಾನೇ ನೋಡಿಲ್ಲ ನಾನು, ಅಂದಳಂತೆ. ಆ ವರ್ಷ ಕೆಂಪಿನ ನೀರು ಇಳಿದುಹೋಗಿತ್ತು. ಹಳದಿಯ ಪ್ರವಾಹ, ನಡುವೆ ನೀಲಿಯೂ ಮೇಲೆ ಬಂದಿತ್ತು. ಆ ವಾರ್ಡಿನಲ್ಲಿ ಕೆಂಪಿಗೆ ಇದ್ದದ್ದು ಒಬ್ಬನಿಗಾಗುವಷ್ಟು ವೋಟು. ಇವರು ಹೊರಗೆ ಬಿದ್ದರು, ಇವರ ಚೀಟಿಗಳು ಆ ಇನ್ನೊಬ್ಬನ ರಾಶಿಗೆ ಹೋಗಿ ಅವನು ದಡ ಸೇರಿದ.

"ಬೇಜಾರಾಗಲಿಲ್ವಾ?"

"ಆತು. ಮರುದಿನ ಏಣಿ ತಗೊಂಡು ಹೋಗಿ ಕಂಬದ ಮ್ಯಾಲಿನ ನನ್ನ ಫೋಟೋ ನಾನ ಬಿಚ್ಚಿದೆ. ಒಂಬತ್ತಕ್ಕ ಅಂಗಡಿ ತಗದೆ. ಮೊದಲನೇ ಗಿರಾಕಿ ಯಾರು ಅಂದಿ? ಗೆದ್ದ ಹಳದಿಯವನ ತಾಯಿ. ಕೆಮ್ಮಿನ ಔಷಧ ಕೊಡು ಅಂದ್ಲು. ಕೊಟ್ಟೆ."

ಇಂಥವರು ನಮ್ಮ ಕೂಟಕ್ಕೆ ಬಂದರೆ ಸುಮ್ಮನೆ ಇರುತ್ತಾರೆಯೇ?

ನಮ್ಮದು ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಕಡೆಯವರು ಸೇರಿದ ಕೂಟ. ಐದು ಜನರ ಕಮಿಟಿ. ಚುನಾವಣೆ ಯುಗಾದಿ ಊಟದ ದಿನ. ಒಬ್ಬೊಬ್ಬರು ಐದು ಹೆಸರಿನ ಮುಂದೆ ಗುರುತು ಹಾಕಬೇಕು. ಡಾಲಸ್ ಕಡೆಯವರೇ ಹೆಚ್ಚು, ಆದ್ದರಿಂದ ಪ್ರತಿ ಸಲವೂ ಐದಕ್ಕೆ ಐದು ಡಾಲಸ್‌ನವರೇ. ಕಾರ್ಯಕ್ರಮವೆಲ್ಲ ಇಲ್ಲೇ. ಆಸ್ಟಿನ್ ಕಡೆಯವರು, ಅದರಲ್ಲೂ ಲಿಯಾಂಡರ್‌ನಲ್ಲಿ ಹೊಸದಾಗಿ ಬಂದು ಸೇರಿದ ಮನೆಗಳವರು, ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ನಾಲ್ಕು ಗಂಟೆ ಬರಬೇಕು. ಲಿಯಾಂಡರ್‌ನ ಸುಜಾತಾ ಎನ್ನುವವರು ಹಿಂದಿನ ವರ್ಷ ಎದ್ದು ನಿಂತು ನೇರವಾಗಿ ಹೇಳಿದ್ದರು: "ಇನ್ನೊಂದ್ಸಲ ಐದೂ ಡಾಲಸ್ ಆದ್ರೆ ನಾವು ಬೇರೆ ಕೂಟ ಮಾಡ್ಕೋತೀವಿ. ಇದು ಧಮಕಿ ಅಲ್ಲ, ಇನ್ಫರ್ಮೇಷನ್."

ಹ್ಯೂಸ್ಟನ್‌ನವರೂ ತಲೆ ಆಡಿಸಿದ್ದರು. ಕೂಟ ಒಡೆಯುವುದು ಹೆಚ್ಚು ಕಡಿಮೆ ಖಚಿತ ಎಂದು ಎಲ್ಲರಿಗೂ ಗೊತ್ತಿತ್ತು. ಆಗ ಅಂಕಲ್ ನಡುವೆ ಬಂದರು. ಹಳೆಯ ಕಮಿಟಿಯ ಅಧ್ಯಕ್ಷ ಪ್ರಕಾಶ್ ಅವರ ಮನೆಗೆ ನಾಲ್ಕು ಸಲ ಹೋದರು, ನಾನೇ ಡ್ರೈವ್ ಮಾಡಿಕೊಂಡು ಹೋಗಿದ್ದೆ. ಲಿಯಾಂಡರ್‌ಗೆ ಒಂದು ಸಲ, ಹ್ಯೂಸ್ಟನ್‌ಗೆ ಒಂದು ಸಲ. "ಈ ಒಂದು ವರ್ಷ ಅಂಕಿ ಬರದು ವೋಟ್ ಹಾಕ್ರಿ. ಎಲ್ಲಾ ಊರವರೂ ಒಳಗ ಬರ್ತಾರ. ಬರಲಿಲ್ಲಂದ್ರ ಬೇರೆ ಆಗೂದಾದ್ರ ಆಗ್ರಿ, ನಾ ಅಡ್ಡ ಬರಂಗಿಲ್ಲ. ಕೂಟಕ್ಕ ಕಾಲೂ ಇಡಂಗಿಲ್ಲ." ಮೂರೂ ಕಡೆಯವರು ಒಪ್ಪಿದರು. ಚುನಾವಣಾ ಅಧಿಕಾರಿ ಅವರೇ ಎಂದಾಯಿತು.

ಆಮೇಲೆ ನನ್ನ ಕಡೆ ತಿರುಗಿ "ನೀನೂ ನಿಲ್ಲು" ಅಂದರು.

"ನಾನಾ? ಎಲ್ಲಾ ಡಾಕ್ಟ್ರು ಎಂಜಿನಿಯರ್‌ಗಳು ಸರ್."

"ಹೌದಲ್ಲ, ಅದಕ್ಕ ಹೇಳಿದ್ದು. ಕುರ್ಚಿ ಎತ್ತಿಡೋನು ಒಬ್ಬನರೆ ಇರಲಿ."

ನಿಂತೆ. ಪ್ರಕಾಶ್, ಸುಜಾತಾ, ಹ್ಯೂಸ್ಟನ್ನಿನ ಒಬ್ಬ ಡಾಕ್ಟರ್ ಎಲ್ಲ ಸೇರಿ ಒಟ್ಟು ಎಂಟು ಜನ ನಿಂತಿದ್ದೆವು. ಚೀಟಿಯನ್ನು ನಮ್ಮ ಶಾಪಿನಲ್ಲೇ ಅಚ್ಚು ಹಾಕುತ್ತೇನೆ ಎಂದಾಗ ಅವರ ಮುಖ ಗಂಭೀರವಾಯಿತು. "ನಿಂತವ ಚೀಟಿ ಮುಟ್ಟಂಗಿಲ್ಲ." ಹ್ಯೂಸ್ಟನ್‌ನ ಒಬ್ಬ ವಿದ್ಯಾರ್ಥಿನಿಯ ಕೈಯಲ್ಲಿ ಮಾಡಿಸಿದರು. ಪ್ರಚಾರಕ್ಕೆ ಮಾತ್ರ ನನ್ನ ಜೊತೆಗೂ ಬರಲಿಲ್ಲ, ಯಾರ ಜೊತೆಗೂ ಹೋಗಲಿಲ್ಲ. ಆದರೆ ಬಾಗಿಲು ತಟ್ಟಿ ಎರಡು ಹೆಜ್ಜೆ ಹಿಂದೆ ಸರಿಯುವುದನ್ನು ಮಾತ್ರ ನಿಂತ ಎಂಟೂ ಜನರಿಗೆ ಹೇಳಿಕೊಟ್ಟರು.

ಯುಗಾದಿ ಊಟ ಆ ವರ್ಷ ಮೂರೂ ಊರಿಗೆ ನಡುವೆ ಎನ್ನಬಹುದಾದ ಒಂದು ಕಡೆ, ಶಾಲೆಯ ಕ್ಯಾಫೆಟೇರಿಯಾ ಬಾಡಿಗೆ ಹಿಡಿದು. ಒಬ್ಬಟ್ಟು ಊಟ ಮುಗಿದ ಮೇಲೆ ಅವರು ಮೈಕ್ ಹಿಡಿದು ಅಂಕಿ ಹೇಗೆ ಬರೆಯಬೇಕು ಎಂದು ಹೇಳಿದರು. ಎಲ್ಲರೂ ಚಪ್ಪಾಳೆ ಹೊಡೆದರು. ಚೀಟಿ ಹಾಕಿದರು. ಡಬ್ಬಿಯನ್ನು ಎಲ್ಲರ ಎದುರೇ ಮೇಜಿನ ಮೇಲೆ ಸುರಿದು ಎಣಿಸಲು ಕೂತರು.

ಮೊದಲನೆಯ ಚೀಟಿ ತೆಗೆದರು. ಎಂಟೂ ಹೆಸರಿನ ಮುಂದೆ ಒಂದು, ಒಂದು, ಒಂದು. ಪಕ್ಕಕ್ಕಿಟ್ಟರು. ಎರಡನೆಯದು, ಮತ್ತೆ ಎಂಟು ಒಂದು. ಮೂರನೆಯದರಲ್ಲಿ ಎಂಟು ಒಂದರ ಜೊತೆ ಕೆಳಗೆ "ಎಲ್ಲರಿಗೂ ಶುಭವಾಗಲಿ" ಎಂದು ಬೇರೆ ಬರೆದಿತ್ತು. ಪಕ್ಕಕ್ಕಿಟ್ಟ ರಾಶಿ ಬೆಳೆಯುತ್ತಲೇ ಹೋಯಿತು. ಎಣಿಸುವ ರಾಶಿ ಹಾಗೇ ತೆಳ್ಳಗೆ ಉಳಿಯಿತು. ಅಂಕಲ್ ಕನ್ನಡಕ ತೆಗೆದು ಒರೆಸಿಕೊಂಡರು.

"ಇದೇನ್ರಿ ಇದು?" ಎಂದು ಕೇಳಿದರು.

ಮುಂದಿನ ಸಾಲಿನಲ್ಲಿ ಕೂತಿದ್ದ ಮೈಸೂರಿನ ಒಬ್ಬ ಆಂಟಿ ಎದ್ದು ಹೇಳಿದರು: "ಅಲ್ಲ ಅಂಕಲ್, ಎಲ್ಲಾ ಬೇಕಾದವರೇ. ಪ್ರಕಾಶ್‌ಗೆ ಒಂದು ಹಾಕಿ ಡಾಕ್ಟ್ರಿಗೆ ಐದು ಹಾಕಿದ್ರೆ ಅವರಿಗೆ ಏನನ್ಸತ್ತೆ? ನಾಳೆ ಮುಖ ನೋಡ್ಬೇಕಲ್ವಾ?"

"ಚೀಟಿ ಗುಪ್ತ ಅದಲ್ರೀ! ಯಾರಿಗೆ ಗೊತ್ತಾಗ್ತದ?"

"ನಂಗೆ ಗೊತ್ತಿರತ್ತಲ್ಲ!"

ಇಡೀ ಕ್ಯಾಫೆಟೇರಿಯಾ ನಕ್ಕಿತು. ಅಂಕಲ್ ನಗಲಿಲ್ಲ.

ನಿಯಮದ ಪ್ರಕಾರ ಎಲ್ಲರಿಗೂ ಒಂದು ಎಂದು ಬರೆದ ಚೀಟಿ ಕೆಟ್ಟ ಚೀಟಿ. ಎಲ್ಲರಿಗೂ ಕೊಟ್ಟರೆ ಯಾರಿಗೂ ಕೊಟ್ಟ ಹಾಗಲ್ಲ. ಉಳಿದ ಒಳ್ಳೆಯ ಚೀಟಿಗಳು ಬಹುಪಾಲು ಲಿಯಾಂಡರ್‌ನವರದ್ದು. ಅವರು ಬರುವಾಗ ಕಾರಿನಲ್ಲೇ ಚರ್ಚೆ ಮಾಡಿ, ಸರಿಯಾಗಿ ಅಂಕಿ ಬರೆದಿದ್ದರು. ಅದನ್ನಷ್ಟೇ ಎಣಿಸಿದರೆ ಕಮಿಟಿ ಹೆಚ್ಚು ಕಡಿಮೆ ಅವರದ್ದೇ. ಪ್ರಕಾಶ್ ಕೂಡಲೇ ಎದ್ದರು.

"ಅಂಕಲ್, ಇದು ವರ್ಕ್ ಆಗಲ್ಲ. ಹಳೇ ಥರ ಗುರುತು ಹಾಕಿಸಿಬಿಡಿ, ಹತ್ತು ನಿಮಿಷದಲ್ಲಿ ಮುಗ್ಯತ್ತೆ."

"ಹೇಗೆ ಹಾಕ್ಸಕ್ಕಾಗತ್ತೆ?" ಸುಜಾತಾ ನಿಂತರು. "ರೂಲ್ ಅಂದ್ರೆ ರೂಲ್. ನಿಮ್ಮವರು ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ, ನಮ್ಮವರು ಕೇಳಿಸ್ಕೊಂಡ್ರು. ಎಣಿಸಿ ಅಂಕಲ್. ಇಲ್ಲಾಂದ್ರೆ ನಾವು ಈಗ್ಲೇ ಹೊರಡ್ತೀವಿ."

ಲಿಯಾಂಡರ್‌ನ ಗಂಡಸರು ಇಬ್ಬರು ಆಗಲೇ ಮಕ್ಕಳನ್ನು ಕರೆಯುತ್ತಿದ್ದರು. ಒಬ್ಬರು ಕಾರಿನ ಕೀ ಕೈಗೆ ತೆಗೆದುಕೊಂಡಿದ್ದರು. ಕೂಟ ಅಲ್ಲೇ, ಆ ಮೇಜಿನ ಮುಂದೆಯೇ ಎರಡಾಗುವುದರಲ್ಲಿತ್ತು.

ಅಂಕಲ್ ಎದ್ದು ನಿಂತರು. ಮೈಕ್ ಹಿಡಿಯಲಿಲ್ಲ. "ತಪ್ಪು ನಂದು" ಅಂದರು. "ಅಲ್ಲಿಯ ಮಂದಿಗೆ ಹೇಳಿಕೊಟ್ಟಂಗ ನಿಮಗ ಹೇಳಿಕೊಟ್ಟೆ. ನೀವು ಯಾರು ಅನ್ನೋದ ಮರತಿದ್ದೆ." ಆಮೇಲೆ ಸುಜಾತಾ ಕಡೆ ತಿರುಗಿದರು. "ಸುಜಾತಾ, ರೂಲ್ ಪ್ರಕಾರ ನೀನು ಗೆದ್ದಿ. ನಾ ಇಲ್ಲ ಅನ್ನಂಗಿಲ್ಲ. ಎಣಸು ಅಂದ್ರ ಈಗ ಎಣಸ್ತೀನಿ. ಒಂದ ಮಾತು ಕೇಳು. ನಮ್ಮ ಕೆಂಪಿನವರು ಎಲ್ಲಾ ಸೀಟು ತಗೊಂಡು ಎಷ್ಟ ವರ್ಷ ಮೆರೆದ್ರು. ಹಳದಿಯವರು ಬಂದ ಮ್ಯಾಲೆ ಅವರೂ ಮೆರೆದ್ರು. ಎಲ್ಲಾ ತಗೊಂಡವರದು ಎಲ್ಲಾನೂ ಹೋಗ್ತದವ್ವಾ. ನಾ ಎರಡೂ ನೋಡೀನಿ. ಮುಂದಿನ ವರ್ಷ ಇವರು ಬಂದು ನಿನಗ 'ಇನ್ಫರ್ಮೇಷನ್' ಅಂತಾರ. ಇನ್ನೊಂದ ಸಲ ಹಾಕಸ್ಲೇನು? ಅಂಕೀನ, ಗುರುತಲ್ಲ. ನೀ ಹೂಂ ಅಂದ್ರ ಮಾತ್ರ."

ಸುಜಾತಾ ಅವರ ಗಂಡ ಏನೋ ಕಿವಿಯಲ್ಲಿ ಹೇಳಿದರು, ಅವರು ಕೈಯಿಂದ ಸುಮ್ಮನಿರಿ ಎಂದರು. ಕೊನೆಗೆ "ಇನ್ನೊಂದೇ ಸಲ" ಅಂದರು. "ಮತ್ತೆ ಎಲ್ಲರಿಗೂ ಒಂದು ಬರೆದ್ರೆ ನಾನು ಜವಾಬ್ದಾರಿ ಅಲ್ಲ."

"ಬರೆಯಂಗಿಲ್ಲ" ಅಂದರು ಅಂಕಲ್. ಒಂದು ಖಾಲಿ ಚೀಟಿ ತೆಗೆದುಕೊಂಡರು. "ನಾ ಅಧಿಕಾರಿ, ನನಗ ವೋಟಿಲ್ಲ. ಅದಕ್ಕ ಎಲ್ಲರ ಮುಂದ ಬರದು ತೋರಸ್ತೀನಿ. ಇದು ಡಬ್ಬಿಗೆ ಹೋಗೂದಿಲ್ಲ, ಹರದು ಒಗೀತೀನಿ." ಜೋರಾಗಿ ಓದುತ್ತಾ ಬರೆದರು. "ಸುಜಾತಾ, ಒಂದು. ಯಾಕಂದ್ರ ಇಕಿಗೆ ಇಲ್ಲ ಅನ್ನಲಿಕ್ಕೆ ಬರ್ತದ. ಹ್ಯೂಸ್ಟನ್ ಡಾಕ್ಟರ್, ಎರಡು. ಪ್ರಕಾಶ್, ಮೂರು. ಸಿಟ್ಟಾಗಬ್ಯಾಡೋ, ನಾಲ್ಕು ಸಲ ನಿನ್ನ ಮನಿ ಚಹಾ ಕುಡದೀನಿ, ಸಕ್ಕರಿ ಕಮ್ಮಿ." ಜನ ನಕ್ಕರು, ಪ್ರಕಾಶ್ ಕೂಡ. ಆಮೇಲೆ ನನ್ನ ಹೆಸರು ಓದಿದರು. "ಇವ ನನ್ನ ಗೆಳೆಯ. ಎಲ್ಲರಿಗೂ ಗೊತ್ತದ. ದಿನಾ ಮುಂಜಾನೆ ಬರ್ತಾನ. ನನ್ನ ಎಲ್ಲಾ ಕಡೆ ಕರಕೊಂಡು ಹೋಗ್ತಾನ. ನಾಲ್ಕು."

ಹಾಲ್‌ನಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ನಾನು ನಕ್ಕೆ. ನಗದೆ ಏನು ಮಾಡಲಿ? ಯಾರೋ ಹಿಂದಿನಿಂದ "ಪಾಪ!" ಅಂದರು, ಆಗ ಎಲ್ಲರೂ ನಕ್ಕರು. ಮೈಸೂರಿನ ಆಂಟಿ "ಅಯ್ಯೋ, ಅವರೇ ಹಾಕಿದ್ರಲ್ಲ ನಾಲ್ಕು, ಇನ್ನೇನು ಕೊಡಿ ಚೀಟಿ" ಎಂದು ಪೆನ್ನು ತೆಗೆದರು. ಅಂಕಲ್ ತಮ್ಮ ಚೀಟಿಯನ್ನು ನಾಲ್ಕು ತುಂಡು ಮಾಡಿ ಕಸಕ್ಕೆ ಹಾಕಿದರು.

ಎರಡನೆಯ ಸಲ ಡಬ್ಬಿ ಸುರಿದಾಗ ಚೀಟಿಗಳ ತುಂಬ ಅಂಕಿ. ಒಂದರಿಂದ ಎಂಟರವರೆಗೂ ಬರೆದವರು ಎಷ್ಟೋ ಜನ. ಎಣಿಕೆಗೆ ಒಂದು ಗಂಟೆಗೂ ಮೇಲೆ ಹಿಡಿಯಿತು. ಮೊದಲು ಹೊರಗೆ ಬಿದ್ದವರು ಒಬ್ಬರು. ಎರಡನೆಯವನು ನಾನು. ನನ್ನ ಚೀಟಿಗಳನ್ನು ಒಂದೊಂದಾಗಿ ಎತ್ತಿ, ಎರಡನೆಯ ಅಂಕಿ ನೋಡಿ ಬೇರೆ ಬೇರೆ ರಾಶಿಗೆ ಇಟ್ಟರು. ಬಹಳಷ್ಟು ಹೋಗಿ ಬಿದ್ದದ್ದು ಸುಜಾತಾ ರಾಶಿಗೆ. ಅವರ ರಾಶಿ ಗೆಲ್ಲಲು ಬೇಕಾದ ವೋಟಿನ ಗೆರೆ ದಾಟಿತು. ಕೊನೆಗೆ ಇನ್ನೊಬ್ಬರು ಹೊರಗೆ ಬಿದ್ದರು. ಐದು ಜನರಲ್ಲಿ ಇಬ್ಬರು ಡಾಲಸ್, ಒಬ್ಬರು ಹ್ಯೂಸ್ಟನ್, ಇಬ್ಬರು ಲಿಯಾಂಡರ್. ಕಾರಿನ ಕೀ ಹಿಡಿದಿದ್ದವರು ಅದನ್ನು ಜೇಬಿಗೆ ಹಾಕಿಕೊಂಡು ಕಾಫಿ ಹುಡುಕಲು ಹೋದರು.

ಸುಜಾತಾ ನನ್ನ ಹತ್ತಿರ ಬಂದರು. "ನಿಮ್ಮ ವೋಟಿಂದ ಬಂದೆ ನಾನು. ನಿಮಗೆ ಹಾಕಿದವರು ಏನು ಕೇಳ್ತಿದ್ರು ಹೇಳಿ, ಬರ್ಕೋತೀನಿ."

ಹೇಳಿದೆ. ಕಾರು ಓಡಿಸಲು ಬಾರದ ಅಪ್ಪ ಅಮ್ಮಂದಿರು ಬಹಳ ಮನೆಗಳಲ್ಲಿದ್ದಾರೆ, ಅವರನ್ನು ಕಾರ್ಯಕ್ರಮಕ್ಕೆ ಕರೆತರಲು ಒಂದು ವ್ಯಾನ್ ಬೇಕು. ಅವರು ಬರೆದುಕೊಂಡರು. ಆ ವ್ಯಾನ್ ಈಗಲೂ ಓಡುತ್ತಿದೆ, ಮೂರೂ ಊರಲ್ಲಿ.

ವಾಪಸ್ ಬರುವಾಗ ಸಂಜೆಯ ಬಿಸಿಲು ಎಡಗಡೆಯಿಂದ ಕಣ್ಣಿಗೆ ಹೊಡೆಯುತ್ತಿತ್ತು. ನಾನು ರಸ್ತೆ ನೋಡುತ್ತಾ ಕಾರು ಓಡಿಸುತ್ತಿದ್ದೆ. ಸುಮಾರು ದೂರ ಬಂದ ಮೇಲೆ ಅವರೇ ಕೇಳಿದರು.

"ಸಿಟ್ಟು ಬಂತೇನ?"

"ಇಲ್ಲ ಸರ್."

"ಸುಳ್ಳು ಹೇಳಬ್ಯಾಡ."

"ಬಂತು. ಅಷ್ಟು ಜನರ ಮುಂದೆ ನಾಲ್ಕು ಅಂದ್ರಲ್ಲ. ನಿಮ್ಮ ಜೊತೆ ಇರೋನು ನಾನು. ಪ್ರಕಾಶ್‌ಗೆ ಮೂರು, ನನಗೆ ನಾಲ್ಕಾ?"

"ನಿನಗ ಒಂದು ಹಾಕಿದ್ರ ಯಾರು ನನ್ನ ನಂಬ್ತಿದ್ರು? ಗೆಳೆಯಗ ಹಾಕ್ಯಾನ ಅಂತಿದ್ರು, ಮತ್ತ ಎಲ್ಲರಿಗೂ ಒಂದು ಬರೀತಿದ್ರು. ಹಿಂದ ಹಾಕಿದ್ರೂ ಗೆಳೆತನ ಹೋಗಂಗಿಲ್ಲ ಅಂತ ತೋರಸಬೇಕಾಗಿತ್ತು. ಅದಕ್ಕ ಒಬ್ಬ ಬೇಕಾಗಿದ್ದ. ಬ್ಯಾರೆ ಯಾರನ್ನರೆ ಹಾಕಿದ್ರ ನಾಳಿಂದ ನನ್ನ ಜೋಡಿ ಮಾತು ಬಿಡ್ತಿದ್ರು." ಕಿಟಕಿಯ ಕಡೆ ಮುಖ ಮಾಡಿದರು. "ನೀ ಮಾತ್ರ ನಾಳೆ ಮುಂಜಾನೆ ಒಂಬತ್ತಕ್ಕ ಬರ್ತಿ ಅಂತ ಗೊತ್ತಿತ್ತು."

ನಾಳೆ ಹೋಗುವುದಿಲ್ಲ, ಒಂದು ದಿನವಾದರೂ ಕಾಯಲಿ ಎಂದು ಮನಸ್ಸಿನಲ್ಲೇ ಹಟ ಮಾಡಿದೆ. ಅವರು ಆಗಲೇ ನಿದ್ದೆ ಹೋಗಿದ್ದರು, ಟೈ ಕೂಡ ಸಡಿಲಿಸಿರಲಿಲ್ಲ.

ಮರುದಿನ ಎಂಟೂ ಮುಕ್ಕಾಲಿಗೇ ಅವರ ಮನೆಯ ಬಾಗಿಲು ತಟ್ಟಿದೆ.